ಕಡವೆಗೆ ಮರಸು: ಗಾಳಿ ತಿರುಗುವ ಹೊತ್ತು ಹಿಡಿದ ನನ್ನ ಅನುಭವ

ಬೆದೆಗೆ ಬಂದ ಗಂಡು ಕಡವೆಯನ್ನು ಮಲೆನಾಡಿನಲ್ಲಿ ಹಗಲು ಬೆಳಕಲ್ಲಿ ಫೋಟೋ ತೆಗೆಯೋಕೆ ಆಗಲ್ಲ ಅಂತ ಹೇಳಿದವರೇ ಎಲ್ಲ. "ಸುಮ್ನೆ ಕಬಿನಿಗೆ ಹೋಗಿ ಜೀಪಲ್ಲಿ ಕೂರು ಮಾರಾಯ" ಅನ್ನೋದು ಸಾಗರದ ಗೆಳೆಯರ ಉಪದೇಶ. ಹೋದ ಡಿಸೆಂಬರಿನಲ್ಲಿ ಸಿಕ್ಕಿತು. ನಮ್ಮದೇ ಬೇಣದಲ್ಲಿ (ತೋಟದ ಮೇಲಿನ ಹುಲ್ಲುಗುಡ್ಡ), ಮರಸಿನಿಂದ, ಅಂದರೆ ಮರದ ಮೇಲೆ ಕಟ್ಟಿದ ಅಡಗುತಾಣದಿಂದ, ಸುಮಾರು ಇಪ್ಪತ್ತೈದು ಮೀಟರ್ ದೂರದಲ್ಲಿ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮೆರಾ ಸೆಟ್ಟಿಂಗು, ಮರಕ್ಕೆ ಕಟ್ಟಿಕೊಳ್ಳುವ ಬೆಲ್ಟು ಇವೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟಿದ್ದೇನೆ.

ದಾರಿ ಕಲಿತದ್ದು ಅಮೆರಿಕದ ಬಿಲ್ಲುಬೇಟೆಯವರಿಂದ. ಬಾಣಕ್ಕೆ ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಮಬ್ಬು ಬೆಳಕಲ್ಲಿ ನನ್ನ 300 ಎಂಎಂ ಲೆನ್ಸಿಗೂ ಅಷ್ಟೇ ದೂರ ಬೇಕು. ಅವರ ಬಿಳಿಬಾಲದ ಜಿಂಕೆಗೆ ನವೆಂಬರಿನಲ್ಲಿ ಬೆದೆ, ನಮ್ಮ ಕಡವೆಗೂ ದೀಪಾವಳಿ ಕಳೆದ ಮೇಲೇ ಜೋರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಾಣ, ಕೋವಿಯ ಮಾತೇ ಇಲ್ಲ. ಉಪ್ಪು ಹಾಕಿ ಕರೆಯೋದು ಕಳ್ಳಬೇಟೆಯವರ ಚಾಳಿ, ಅದನ್ನೂ ಮಾಡಿಲ್ಲ.

ಮೊದಲ ವರ್ಷ ನೆಲ್ಲಿಮರದ ಎದುರು ಮರಸು ಕಟ್ಟಿಸಿದೆ. ಉದುರಿದ ನೆಲ್ಲಿಕಾಯಿಗೆ ಕಡವೆ ಬಂದೇ ಬರುತ್ತೆ ಅನ್ನೋ ಲೆಕ್ಕ. ಬಂದದ್ದು ಕಾಡುಕುರಿ, ಅದೇ ಬೊಗಳುವ ಸಣ್ಣ ಜಿಂಕೆ. ದಿನಾ ಅದೇ ಜೋಡಿ. ಕಡವೆ ನಡುರಾತ್ರಿ ಬಂದು ತಿಂದು ಹೋಗುತ್ತಿತ್ತು, ಬೆಳಿಗ್ಗೆ ಗೊರಸಿನ ಗುರುತು ಮಾತ್ರ. ಮರಸಿಗೂ ಚಗಳಿ ಇರುವೆ ಗೂಡು ಕಟ್ಟಿ ಅಲ್ಲಿಂದ ಎಬ್ಬಿಸಿದವು.

ಆಮೇಲೆ ದುಡ್ಡು ಸುರಿಯುವ ಕಾಲ. ಹೊರದೇಶದ ಹೆಣ್ಣು ಜಿಂಕೆಯ ಮೂತ್ರ ಅಂತ ಒಂದು ಪುಟ್ಟ ಬಾಟಲಿ, ಎರಡೂವರೆ ಸಾವಿರದ ಹತ್ತಿರ. ಅದಕ್ಕೆ ಮರುಳಾಗಿದ್ದು ನಮ್ಮ ನಾಯಿ ಒಂದೇ. ಮೈವಾಸನೆ ತಡೆಯುವ ಜಾಕೆಟ್ಟಿಗೆ ಆರು ಸಾವಿರ ಹೋಯಿತು. ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪಿಗೆ ಎಂಟೋ ಒಂಬತ್ತೋ ಸಾವಿರ ಕೊಟ್ಟಿದ್ದೆ, ಒಂದೇ ಮಳೆಗಾಲಕ್ಕೆ ಒಳಗೆ ನೀರಾಡಿತು. ಮಾರಿದವರು ವಾರಂಟಿ ಬರಲ್ಲ ಅಂದರು. ಆದರೂ ಅದು ಸಾಯುವ ಮುಂಚೆ ಒಂದು ಉಪಕಾರ ಮಾಡಿತು: ಹೊರಳುಗುಂಡಿ ತೋರಿಸಿತು.

ಬೇಣದ ಮಡಿಲಲ್ಲಿ ಒರತೆ ಜಿನುಗುವ ಜಾಗ ಅದು. ಮೇಲೆ ಕಾನು ಅನ್ನೋ ದಟ್ಟ ಕಾಡು, ಕೆಳಗೆ ಅಡಿಕೆ ತೋಟದ ಅಗಳು, ಅಂದರೆ ಕಂದಕ. ಬೆದೆಯ ಗಂಡು ಅಲ್ಲಿ ಗೊರಸಿನಿಂದ ಕೆಸರು ಕೆದರಿ, ಅದರ ಮೇಲೇ ಮೂತ್ರ ಬಿಟ್ಟು, ಕೋಡು ಕುತ್ತಿಗೆ ಎಲ್ಲ ಅದ್ದಿಕೊಳ್ಳುತ್ತೆ. ಪಕ್ಕದ ಮತ್ತಿಮರಕ್ಕೆ ನನ್ನ ಎದೆಯೆತ್ತರದಲ್ಲಿ ಕೆಸರಿನ ಪಟ್ಟಿ ಇತ್ತು, ಅದರೊಳಗೆ ಒರಟು ಕಂದು ಕೂದಲು ಅಂಟಿತ್ತು. ಕೆಸರು ಬೆರಳಿಗೆ ಹತ್ತುವಷ್ಟು ಹಸಿ. ವಾಸನೆಯಂತೂ ಹೋತದ ದೊಡ್ಡಿಯದೇ.

ಗುಂಡಿಗೆ ಮೇಲುಗಡೆ ಹದಿನಾರು ಹದಿನೇಳು ಅಡಿ ಎತ್ತರದಲ್ಲಿ ಮರಸು ಹಾಕಿಸಿದೆ. ಬಿಲ್ಲುಬೇಟೆಯವರ ಪುಸ್ತಕದಂತೆ ಮಧ್ಯಾಹ್ನ ಮೂರಕ್ಕೇ ಹತ್ತಿ ಕೂರೋದು. ಬಿಸಿಲಿರುವ ತನಕ ಗಾಳಿ ಕೆಳಗಿನಿಂದ ಮುಖಕ್ಕೆ ಬರುತ್ತಿತ್ತು, ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಐದರ ಮೇಲೆ ಕಾಣದ ಕಡೆಯಿಂದ "ಡೊಂಯ್ಕ್" ಅಂತ ಕಡವೆಯ ಎಚ್ಚರಿಕೆಯ ಕೂಗು, ಕಾಲು ಬಡಿದ ಸದ್ದು, ಅಲ್ಲಿಗೆ ಆ ದಿನದ ಕತೆ ಮುಗಿಯಿತು. ಒಂದಿಡೀ ಋತು ಹೀಗೇ ಹೋಯಿತು.

ಕಣ್ಣು ತೆರೆಸಿದ್ದು ಅಡಿಕೆ ಬೇಯಿಸುವ ಒಲೆ. ಕೊಯ್ಲಿನ ಹೊತ್ತು, ಮನೆಯಲ್ಲಿ ಹಂಡೆ ಕುದಿಯುತ್ತಿತ್ತು. ಮೇಲೆ ಕೂತು ಹೊಗೆ ನೋಡುತ್ತಿದ್ದೆ. ನಾಲ್ಕರ ಸುಮಾರಿಗೆ ಹೊಗೆ ಬೇಣ ಹತ್ತಿ ನನ್ನ ಕಡೆಗೇ ಬರುತ್ತಿತ್ತು. ಸೂರ್ಯ ಗುಡ್ಡದ ಹಿಂದೆ ಹೋಗಿ ಇಳಿಜಾರು ನೆರಳಾದದ್ದೇ ತಡ, ಹೊಗೆ ನಿಂತಿತು, ಸ್ವಲ್ಪ ಹೊತ್ತು ಅಲ್ಲೇ ತೂಗಾಡಿತು, ಆಮೇಲೆ ತೋಟದ ಉದ್ದಕ್ಕೆ ಕೆಳಗೆ ಹರಿಯೋಕೆ ಶುರುವಾಯಿತು. ನೆಲ ತಣ್ಣಗಾದ ಮೇಲೆ ಗಾಳಿ ಭಾರವಾಗಿ ಇಳಿಯುತ್ತೆ, ಅಲ್ವಾ? ನನ್ನ ಮೈವಾಸನೆ ಸಂಜೆಯಾದ ಕೂಡಲೇ ನೇರ ಗುಂಡಿಗೇ ಇಳಿಯುತ್ತಿತ್ತು!

ಮರಸನ್ನು ಗುಂಡಿಯ ಕೆಳಗೆ, ತೋಟದ ಅಂಚಿನ ಹೊನ್ನೆಮರಕ್ಕೆ ತಂದೆ. ನಮ್ಮ ಬೇಣ ಪೂರ್ವಕ್ಕೆ ಮುಖ ಮಾಡಿದ್ದು. ನಾಲ್ಕೂವರೆ ದಾಟುವಾಗಲೇ ನೆರಳು ಬೀಳುತ್ತೆ, ಗಾಳಿ ಬೇಗ ತಿರುಗುತ್ತೆ, ಆಕಾಶದಲ್ಲಿ ಬೆಳಕು ಇನ್ನೂ ಆರರವರೆಗೆ ಇರುತ್ತೆ. ಆ ಒಂದು ಗಂಟೆಯೇ ಪೂರ್ತಿ ಲಾಭ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಗಾಳಿ ತಿರುಗುವಾಗ ಕತ್ತಲಾಗಿರುತ್ತೆ, ಅಲ್ಲಿ ದುಡ್ಡು ಹಾಕಬೇಡಿ.

ಎಲ್ಲರೂ ನಕ್ಕಿದ್ದು ಮುಂದಿನದಕ್ಕೆ. ನಾನು ಮೂರಕ್ಕೆ ಹತ್ತಲ್ಲ. ತೋಟದೊಳಗೆ ಕೆಲಸದವರ ಜೊತೆ ಅಡಿಕೆ ಹೆಕ್ಕುತ್ತಾ ಇರುತ್ತೇನೆ. ಜೇಬಿನಲ್ಲಿ ಎಕ್ಕದ ಹತ್ತಿ. ಒಂದೆಳೆ ಬಿಟ್ಟು ನೋಡೋದು. ಗುಡ್ಡದ ಕಡೆ ಹೋದರೆ ಕಾಯೋದು, ನನ್ನ ಬೆನ್ನ ಹಿಂದೆ ಹೊಳೆ ಕಡೆ ಹೋದರೆ ಹತ್ತೋದು. ಅಗರಬತ್ತಿ ಹೊಗೆಗಿಂತ ಇದು ವಾಸಿ, ತುಂಬಾ ದೂರದವರೆಗೆ ಕಣ್ಣಿಗೆ ಕಾಣುತ್ತೆ. ನಾನು ಹತ್ತುವ ಸದ್ದು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಸದ್ದಿನಲ್ಲಿ ಮುಚ್ಚಿಹೋಗುತ್ತೆ. ಅವನೇ ಮರಸು ಕಟ್ಟಿಕೊಟ್ಟವನು, ಹಲಗೆ ಹಗ್ಗ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಬಟ್ಟೆಯನ್ನು ಅಂಟುವಾಳದಲ್ಲಿ ತೊಳೆದು ಕೊಟ್ಟಿಗೆಯ ಗಳಕ್ಕೆ ನೇತುಹಾಕುತ್ತೇನೆ. ಬೇಣದಲ್ಲಿ ದನ ಮೇಯೋದು ಕಡವೆಗೆ ಹೊಸತಲ್ಲ, ಸಗಣಿ ವಾಸನೆಗೆ ಅದು ತಲೆ ಕೆಡಿಸಿಕೊಳ್ಳಲ್ಲ. ಏಣಿಗೆ ಏನು ಸವರುತ್ತೇನೆ ಅನ್ನೋದು ನನ್ನ ಹತ್ರಾನೇ ಇರಲಿ.

ಒಂದು ವಾಸನೆಯನ್ನು ಮಾತ್ರ ಬಿಡೋ ಹಾಗಿಲ್ಲ, ಉಣುಗು (ಉಣ್ಣೆ) ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಬೆದೆಯ ಕಾಲವೂ ಉಣುಗಿನ ಮರಿ ಏಳುವ ಕಾಲವೂ ಒಂದಕ್ಕೊಂದು ತಾಗಿಕೊಂಡೇ ಬರುತ್ತವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲ್ಲೂಕಿನದೇ. ಎಣ್ಣೆ ಹಚ್ಚಿದರೆ ಪ್ರಾಣಿ ಬರಲ್ಲ ಅಂತ ಹಚ್ಚದೆ ಕೂರುವವರನ್ನು ಕಂಡಿದ್ದೇನೆ, ನನಗೆ ಸರಿ ಕಾಣಲ್ಲ. ಗಾಳಿ ಸರಿಯಿದ್ದರೆ ಡೇಪಾ ವಾಸನೆಯೂ ಹೊಳೆಗೇ ಹೋಗುತ್ತೆ. ಆ ದಿನ ಕಾಲು ಕೈಗೆಲ್ಲ ಹಚ್ಚಿಯೇ ಕೂತಿದ್ದೆ.

ಐದೂವರೆ ಇರಬಹುದು. ಮೊದಲು ಒಂದು ಹೆಣ್ಣು, ಹಿಂದೆಯೇ ಗಂಡು. ಗಂಟಲ ಕೆಳಗೆ ಕೂದಲು ಉದುರಿ ಹಸಿ ಗಾಯದ ಹಾಗೆ ಕೆಂಪಗಿತ್ತು. ಅದು ಗಾಯವಲ್ಲ, ಬೆದೆಯಲ್ಲಿ ಕಾಣುವ ಗುರುತು. ಗುಂಡಿಗೆ ಇಳಿದು ಮೂಗು ಮೇಲೆತ್ತಿ ಗಾಳಿ ನೋಡಿತು. ಗಾಳಿ ಅದರಿಂದ ನನ್ನ ಕಡೆಗಿತ್ತು. ಕೋಡಿನಲ್ಲಿ ಕೆಸರು ಎತ್ತಿ ಒಗೆದಾಗ ಒತ್ತಿದೆ.  ಮೊದಲ ಸದ್ದಿಗೆ ಕಿವಿ ತಿರುಗಿಸಿತು ಅಷ್ಟೇ. ಎರಡನೇ ಸಲ ಒತ್ತಿದಾಗ ಬಾಲ ಎತ್ತಿ ಕಾನು ಸೇರಿತು. ಆರೇಳು ಫೋಟೋ ಚೆನ್ನಾಗಿ ಬಂದಿವೆ. ನಕ್ಕವರಿಗೆಲ್ಲ ಕಳಿಸಿದೆ.

ಇದೇ ಲೆಕ್ಕ ಚುಕ್ಕೆ ಜಿಂಕೆಗೆ ನಡೆಯುತ್ತಾ ಅಂತ ಬೇಸಿಗೆಯಲ್ಲಿ ಭದ್ರಾ ಕಡೆಯ ನೆಂಟರ ಜಮೀನಿನಲ್ಲಿ ನೋಡಿದೆ. ಸಪಾಟು ನೆಲ, ಗುಂಪಿನಲ್ಲಿ ಹತ್ತಾರು ಮೂಗು, ಗಾಳಿ ಇಷ್ಟ ಬಂದ ಕಡೆ. ಅಲ್ಲಿ ಬೇರೆ ಉಪಾಯ ಬೇಕು.

ಸದ್ಯಕ್ಕೆ ಉಳಿದ ತಲೆನೋವು ಶಟರ್ ಸದ್ದು. ರಾಶಿ ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕರೆ ಸದ್ದಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಾಡಿ ತಗೊಳ್ಳೋದು, ಲಕ್ಷದ ಹತ್ತಿರ ಆಗುತ್ತೆ. ಹಳೇ ಬಾಡಿ ಬೇಕಿದ್ದವರಿಗೆ ಹದಿನೆಂಟು ಸಾವಿರಕ್ಕೆ ಕೊಡ್ತೀನಿ. ಮಳೆಗಾಲ ಪೂರ್ತಿ ತೇವ ಹಿಡಿಯದಂತೆ ಬಲ್ಬ್ ಉರಿಸಿದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ, ಫಂಗಸ್ ಹಿಡಿದಿಲ್ಲ.