ಅಪ್‌ಲೋಡ್ ಒತ್ತುವ ಮೊದಲು ಒಂದು ಸಾಲು

ತುಮಕೂರು ಜಿಲ್ಲೆಯ ಹಳ್ಳಿಮಕ್ಕಳಿಗೆ ನಾನು ಭಾನುವಾರ ನಡೆಸುವ ಕೋಡಿಂಗ್ ತರಗತಿಗೆ ಒಂದೇ ನಿಯಮ. ಪ್ರೋಗ್ರಾಂ ಬರೆದಾದ ಮೇಲೆ, ಅದನ್ನು ಬೋರ್ಡಿಗೆ ಕಳಿಸುವ ಅಪ್‌ಲೋಡ್ ಗುಂಡಿ ಒತ್ತುವ ಮೊದಲು, ಈಗ ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಯಬೇಕು. ಬರೆಯದೆ ಒತ್ತಿದ ಮಕ್ಕಳು ದೀಪ ಉರಿಯದಿದ್ದರೆ ನನ್ನ ಮುಖ ನೋಡುತ್ತಾರೆ. ಬರೆದವರು ತಮ್ಮ ಸಾಲನ್ನೇ ಮತ್ತೆ ಓದುತ್ತಾರೆ. ಕಲಿಕೆ ಶುರುವಾಗುವುದು ಅಲ್ಲಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲ ಕೆಲವು ವಾರ ಸ್ಕ್ರ್ಯಾಚ್, ಅಂದರೆ ಬಣ್ಣದ ತುಂಡುಗಳನ್ನು ಜೋಡಿಸಿ ಕೋಡ್ ಮಾಡುವ ಮಕ್ಕಳ ಭಾಷೆ. ಲೂಪ್ (ಒಂದೇ ಕೆಲಸದ ಪುನರಾವರ್ತನೆ) ಮತ್ತು ಷರತ್ತು ಕೈಗೆ ಹತ್ತಿದ ಮೇಲೆ ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು. ಅದರ 13ನೇ ಪಿನ್ನಿಗೆ ಬೋರ್ಡಿನಲ್ಲೇ ಪುಟ್ಟ ಎಲ್‌ಇಡಿ ಜೋಡಿಸಿರುತ್ತಾರೆ. ಹಾಗಾಗಿ ಮೊದಲ ಪಾಠಕ್ಕೆ ಬಿಡಿ ತಂತಿಗಳ ಗೋಜಿಲ್ಲ.

ನಿಜವಾದ ಪರೀಕ್ಷೆ ಎರಡು ಮೋಟಾರಿನ ಗಾಡಿಯದು. ಎರಡಕ್ಕೂ ಕೋಡಿನಲ್ಲಿ ಗರಿಷ್ಠ ವೇಗ (0ಯಿಂದ 255ರ ಅಳತೆಯಲ್ಲಿ 255) ಕೊಟ್ಟು ‘ನೇರ ಹೋಗುತ್ತದೆ’ ಎಂದು ಎಲ್ಲರೂ ಬರೆದಿದ್ದರು. ಗಾಡಿ ಎಡಕ್ಕೆ ವಾಲಿತು. ಹುಡುಗರು ಕೋಡನ್ನು ಸಾಲುಸಾಲಾಗಿ ತಡಕುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೋಟಾರುಗಳಿಗೆ ವಿದ್ಯುತ್ ಹಂಚುವ ಡ್ರೈವರ್ ಬೋರ್ಡಿನಲ್ಲಿ ಎಡಬಲ ಮೋಟಾರುಗಳ ತಂತಿಗಳನ್ನು ಅದಲುಬದಲು ಮಾಡಿದಳು. ಗಾಡಿ ಆಗಲೂ ಎಡಕ್ಕೇ ಹೋಯಿತು. ‘ಹಾಗಾದರೆ ಕೋಡಿನದೂ ಅಲ್ಲ, ಬೋರ್ಡಿನದೂ ಅಲ್ಲ, ಎಡಗಡೆಯ ಮೋಟಾರೇ ನಿಧಾನ ಸರ್’ ಎಂದಳು. ಅಗ್ಗದ ಗೇರ್ ಮೋಟಾರುಗಳಲ್ಲಿ ಎರಡು ಒಂದೇ ವೇಗದಲ್ಲಿ ತಿರುಗುವುದು ಅಪರೂಪ ಎಂದು ನಾನು ಮೊದಲೇ ಹೇಳಬಹುದಿತ್ತು, ಬೇಕೆಂದೇ ಹೇಳಿರಲಿಲ್ಲ. ಬಲಗಡೆಯ ವೇಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ, ಪ್ರತಿ ಸಲವೂ ಊಹೆ ಬರೆಯುತ್ತಾ ಗಾಡಿಯನ್ನು ದಾರಿಗೆ ತಂದಳು. (ಅಂದಹಾಗೆ, ಚೌಕಾಕಾರದ 9 ವೋಲ್ಟ್ ಬ್ಯಾಟರಿಯಿಂದ ಮೋಟಾರು ಓಡಿಸಲು ಹೋಗಬೇಡಿ. ಅಷ್ಟು ಕರೆಂಟನ್ನು ಅದು ಹೆಚ್ಚು ಹೊತ್ತು ಕೊಡಲಾರದು.)

ನಂತರದ ಕೆಲಸವನ್ನು ಮಕ್ಕಳೇ ಆರಿಸಿಕೊಂಡರು: ತೆಂಗಿನ ಸಸಿಯ ಬುಡದ ತೇವ ಅಳೆಯುವುದು. ಎರಡು ಕಡ್ಡಿಯ ಸೆನ್ಸರ್ ಕೆಲವೇ ದಿನಗಳಲ್ಲಿ ಸವೆದು ಕಪ್ಪಾಯಿತು. ಒದ್ದೆ ಮಣ್ಣಿನಲ್ಲಿ ಸದಾ ವಿದ್ಯುತ್ ಹರಿಯುತ್ತಿದ್ದರೆ ಕಡ್ಡಿಯ ಲೋಹ ಕರಗುತ್ತದೆ. ಎಲೆಕ್ಟ್ರಾಲಿಸಿಸ್ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದನ್ನು ಅವರು ಕಣ್ಣಾರೆ ಕಂಡರು. ಈಗ ಸೆನ್ಸರಿಗೆ ಕೋಡಿನಿಂದಲೇ ಚಾಲೂ-ಬಂದ್ ಮಾಡಬಹುದಾದ ಡಿಜಿಟಲ್ ಪಿನ್ನಿನಿಂದ ವಿದ್ಯುತ್ ಕೊಟ್ಟು, ಗಂಟೆಗೊಮ್ಮೆ ಓದುವ ಕ್ಷಣದಲ್ಲಷ್ಟೇ ಅದನ್ನು ಎಚ್ಚರಿಸುತ್ತಾರೆ.

ಸದ್ಯ ಅದಕ್ಕೆ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಸೇರಿಸಿ ಪಂಪು ಚಾಲೂ ಮಾಡುವ ಕೆಲಸ ನಡೆದಿದೆ. ತೋಟದ ಮೋಟಾರಿಗೇ ಜೋಡಿಸೋಣ ಎಂದು ಹಟ ಹಿಡಿದಿದ್ದಾರೆ. ಅದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. 5 ವೋಲ್ಟಿನ ಪುಟ್ಟ ಪಂಪು, ಒಂದು ಬಕೆಟ್ ನೀರು, ಸದ್ಯಕ್ಕೆ ಇಷ್ಟೇ.