ಕೆಂಪು ಪೆಟ್ಟಿಗೆಯಿಂದ ಶುರುವಾದ ಪಾಠಗಳು: ಪೀಣ್ಯದ ಕಾರ್ಖಾನೆಯೊಂದಕ್ಕೆ ಆನ್‌ಲೈನ್ ತರಬೇತಿ ರೂಪಿಸಿದ ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಲೇತುಗಳ (ಕಂಪ್ಯೂಟರ್ ನಿಯಂತ್ರಿತ ಕಡೆಯುವ ಯಂತ್ರಗಳ) ಮೇಲೆ ಅಲ್ಯೂಮಿನಿಯಂ ಮತ್ತು ಉಕ್ಕಿನ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೆ. ಅಲ್ಲಿಗೆ ಹೊಸಬರು ಹೆಚ್ಚುಕಡಿಮೆ ಪ್ರತಿ ತಿಂಗಳೂ ಸೇರುತ್ತಿದ್ದರು. ಕೆಲಸ ಮೂರು ಪಾಳಿಗಳಲ್ಲಿ ನಡೆಯುತ್ತಿತ್ತು. ಕಲಿಸುವವರು ಮಾತ್ರ ಹಗಲಿನಲ್ಲಷ್ಟೇ ಸಿಗುತ್ತಿದ್ದರು. ರಾತ್ರಿ ಪಾಳಿ ಮುಗಿಸಿದವರು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ತರಗತಿಗೆ ಬಂದು ಕೂರುವುದನ್ನು ನೋಡಿ ನೋಡಿ ನನಗೇ ಸಂಕಟವಾಗುತ್ತಿತ್ತು. ಆದ್ದರಿಂದ ತರಬೇತಿಯನ್ನು ಆನ್‌ಲೈನಿಗೆ ತರುವ ಹೊಣೆಯನ್ನು ಆಡಳಿತವು ನನಗೆ ವಹಿಸಿದಾಗ ಮನಸಾರೆ ಒಪ್ಪಿಕೊಂಡೆ.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ತಪ್ಪು ಕೆಲಸ. ತರಗತಿಯಲ್ಲಿ ಬಳಸುತ್ತಿದ್ದ ನೂರಕ್ಕೂ ಹೆಚ್ಚು ಸ್ಲೈಡುಗಳಿಗೆ ಧ್ವನಿ ಸೇರಿಸಿ, ಕೊನೆಯಲ್ಲಿ ಇಪ್ಪತ್ತು ಪ್ರಶ್ನೆಗಳನ್ನಿಟ್ಟು, ಅದನ್ನೇ ಕೋರ್ಸ್ ಎಂದು ಕರೆದೆ. ಎಲ್ಲರೂ ಉತ್ತೀರ್ಣರಾದರು. ನಾಲ್ಕು ಉತ್ತರಗಳಲ್ಲಿ ಉದ್ದವಾದದ್ದೇ ಸರಿ ಎಂಬುದನ್ನು ಹುಡುಗರು ಮೊದಲ ವಾರದಲ್ಲೇ ಕಂಡುಹಿಡಿದಿದ್ದರು. ಎರಡನೆಯ ವಾರದ ಹೊತ್ತಿಗೆ ಉತ್ತರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದವು. ಅಂಕಪಟ್ಟಿ ತುಂಬಿತು, ಆದರೆ ಯಂತ್ರದ ಪಕ್ಕದಲ್ಲಿಡುವ ಕೆಂಪು ಪೆಟ್ಟಿಗೆ, ಅಂದರೆ ತಿರಸ್ಕೃತ ಜಾಬ್‌ಗಳನ್ನು (ಯಂತ್ರದಲ್ಲಿ ತಯಾರಾಗುವ ಬಿಡಿಭಾಗಗಳನ್ನು) ಹಾಕುವ ಪೆಟ್ಟಿಗೆ, ಮೊದಲಿನಷ್ಟೇ ತುಂಬುತ್ತಿತ್ತು.

ಆಗ ನಾನು ಕಂಪ್ಯೂಟರ್ ಮುಚ್ಚಿಟ್ಟು ಎರಡು ವಾರ ಆ ಕೆಂಪು ಪೆಟ್ಟಿಗೆಯ ಪಕ್ಕದಲ್ಲೇ ನಿಂತೆ. ಗದಗ ಕಡೆಯ ಹಿರಿಯ ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸಿ ಕೊಡುವವರು) ಒಬ್ಬರು ನನ್ನ ಜೊತೆಗಿದ್ದು, ಪ್ರತಿಯೊಂದು ಜಾಬನ್ನೂ ಎತ್ತಿ, ಅದು ಏಕೆ ಹಾಳಾಯಿತೆಂದು ವಿವರಿಸುತ್ತಿದ್ದರು. ಒಂದು ದಿನ ಅಲ್ಯೂಮಿನಿಯಂ ಜಾಬೊಂದನ್ನು ನನ್ನ ಅಂಗೈಯಲ್ಲಿಟ್ಟು, "ಮೇಡಂ, ಬಿಸಿ ಇದ್ದಾಗ ಅಳದ್ರ ಇದು ಸುಳ್ಳು ಹೇಳ್ತೈತ್ರಿ" ಎಂದರು. ಅವರ ಮಾತಿನಲ್ಲಿ ಪೂರ್ತಿ ಲೆಕ್ಕವಿತ್ತು. ಅಳತೆಗೆ ಅಂತರರಾಷ್ಟ್ರೀಯ ಮಾನಕವು ನಿಗದಿಪಡಿಸಿರುವ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಜಾಬ್ ಇರಬೇಕಾದ್ದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅಳೆಯುವ ಸಾಧನವಾದ ಮೈಕ್ರೋಮೀಟರ್ ಸುಮಾರು 0.023 ಮಿ.ಮೀ. ಹೆಚ್ಚು ತೋರಿಸುತ್ತದೆ. ಉಕ್ಕಿನಲ್ಲಿ ಈ ವ್ಯತ್ಯಾಸ ಅದರ ಅರ್ಧದಷ್ಟಿರುತ್ತದೆ. ಆ ಅಳತೆಯನ್ನು ನಂಬಿ ತಿದ್ದಿದರೆ, ತಣ್ಣಗಾದ ಮೇಲೆ ಜಾಬ್ ಸಣ್ಣದಾಗಿ ಪೆಟ್ಟಿಗೆ ಸೇರುತ್ತದೆ. ನನ್ನ ಸ್ಲೈಡುಗಳಲ್ಲಿ ಮೈಕ್ರೋಮೀಟರಿನ ಭಾಗಗಳ ಹೆಸರುಗಳೆಲ್ಲ ಇದ್ದವು, ಈ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

ಎರಡು ವಾರಗಳ ಕೊನೆಗೆ ನಮ್ಮ ಪಟ್ಟಿಯಲ್ಲಿ ಉಳಿದದ್ದು ಮುಖ್ಯವಾಗಿ ಮೂರು ತಪ್ಪುಗಳು: ಬಿಸಿ ಜಾಬನ್ನು ಅಳೆಯುವುದು, ವೇರ್ ಆಫ್‌ಸೆಟ್‌ನಲ್ಲಿ (ಕತ್ತರಿಸುವ ತುದಿಯ ಸವೆತವನ್ನು ಸರಿದೂಗಿಸಲು ಯಂತ್ರಕ್ಕೆ ಕೊಡುವ ತಿದ್ದುಪಡಿ ಸಂಖ್ಯೆಯಲ್ಲಿ) ಪ್ಲಸ್ ಮೈನಸ್ ಅದಲುಬದಲು ಮಾಡುವುದು, ಬೋರಿನ (ಜಾಬಿನ ಒಳರಂಧ್ರದ) ಅಳತೆಯನ್ನು ನಡುನಡುವೆ ಪರೀಕ್ಷಿಸದೆ ಬಿಡುವುದು. ನೂರು ಸ್ಲೈಡುಗಳ ಜಾಗದಲ್ಲಿ ಈ ಮೂರಕ್ಕೆ ಮೂರು ಕಿರುಪಾಠಗಳನ್ನು, ಒಂದೊಂದೂ ಆರೇಳು ನಿಮಿಷ ಮೀರದಂತೆ, ಹೊಸದಾಗಿ ಬರೆಯಲು ಕುಳಿತೆ.

ಆಫ್‌ಸೆಟ್ ಪಾಠಕ್ಕೆ ನಾನು ಪಟ್ಟಷ್ಟು ಶ್ರಮ ಬೇರಾವುದಕ್ಕೂ ಪಡಲಿಲ್ಲ. ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಬಿಡಿ ತುದಿ, ಸವೆದಂತೆ ಹೊರವ್ಯಾಸ ದೊಡ್ಡದಾಗುತ್ತ ಹೋಗುತ್ತದೆ, ಅದು 0.04 ಮಿ.ಮೀ. ಹೆಚ್ಚಿದ್ದರೆ ವ್ಯಾಸವನ್ನು ನಿರ್ಧರಿಸುವ ಎಕ್ಸ್ ಅಕ್ಷದ ವೇರ್ ಆಫ್‌ಸೆಟ್‌ಗೆ ಮೈನಸ್ 0.04 ಕೊಡಬೇಕು. ಆತುರದಲ್ಲಿ ಪ್ಲಸ್ ಒತ್ತಿದರೆ ಮುಂದಿನ ಜಾಬ್ 0.08 ಹೆಚ್ಚಾಗುತ್ತದೆ. ಬೋರಿನಲ್ಲಿ ಎಲ್ಲವೂ ತಿರುಗುಮುರುಗು: ಇನ್ಸರ್ಟ್ ಸವೆದರೆ ರಂಧ್ರ ಕಿರಿದಾಗುತ್ತದೆ, ಆದ್ದರಿಂದ ಪ್ಲಸ್ ಕೊಡಬೇಕು. ಹೊರವ್ಯಾಸದ ಕೆಲಸದಲ್ಲಿ ಕೈ ಪಳಗಿದವರೇ ಬೋರಿಗೆ ಬಂದಾಗ ಹೆಚ್ಚು ತಪ್ಪುತ್ತಿದ್ದರು. ಈ ನಿಯಮವನ್ನು ಹೇಳಿಬಿಡುವುದು ಸುಲಭ, ಆದರೆ ಹೇಳಿದ್ದು ಕೈಗೆ ಇಳಿಯುವುದಿಲ್ಲ. ಆದ್ದರಿಂದ ಪಾಠವು ಒಂದು ಅಳತೆಯಿಂದಲೇ ಆರಂಭವಾಗುವಂತೆ ಮಾಡಿದೆ. ತೆರೆಯ ಮೇಲೆ ಮೈಕ್ರೋಮೀಟರ್ ಕಾಣುತ್ತದೆ, ಕಲಿಯುವವರು ಓದಿ ಆಫ್‌ಸೆಟ್ ತುಂಬುತ್ತಾರೆ, ತಕ್ಷಣ ಮುಂದಿನ ಜಾಬಿನ ಅಳತೆ ಬರುತ್ತದೆ. ತಪ್ಪಾದರೆ "ತಪ್ಪು ಉತ್ತರ" ಎಂಬ ಸಾಲು ಬರುವುದಿಲ್ಲ, ಅಳತೆ ಇನ್ನೂ ಕೆಟ್ಟು ಜಾಬ್ ಕೆಂಪು ಪೆಟ್ಟಿಗೆಗೆ ಬೀಳುತ್ತದೆ. ವಿವರಣೆ ಅದರ ನಂತರವೇ ಬರುತ್ತದೆ.

ವೇದಿಕೆಯಾಗಿ ಆರಿಸಿಕೊಂಡದ್ದು ಮೂಡಲ್. ಆನ್‌ಲೈನ್ ಕೋರ್ಸ್‌ಗಳನ್ನು ನಡೆಸಲು 2002ರಲ್ಲಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಇಮೇಲ್ ಬಳಸದ ನಮ್ಮ ನೌಕರರಿಗೆ ಸಿಬ್ಬಂದಿ ಸಂಖ್ಯೆಯನ್ನೇ ಲಾಗಿನ್ ಆಗಿ ಕೊಡಲು ಸಾಧ್ಯವಾಯಿತು. ಅದರಲ್ಲಿ ಒಂದೇ ಲೆಕ್ಕಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆಗಳನ್ನು ಒಡ್ಡುವ ಪ್ರಶ್ನೆಯ ಬಗೆಯೊಂದಿದೆ. ಅದನ್ನು ಬಳಸಿದ ಮೇಲೆ ವಾಟ್ಸಾಪ್‌ನಲ್ಲಿ ಉತ್ತರ ಹಂಚುವುದು ತಾನಾಗಿಯೇ ನಿಂತಿತು. ಹಂಚಿಕೊಳ್ಳಬಹುದಾಗಿದ್ದು ಲೆಕ್ಕದ ರೀತಿಯನ್ನು ಮಾತ್ರ, ಅದನ್ನು ಅವರು ಹಂಚಿಕೊಂಡರೆ ನನಗೆ ಸಂತೋಷವೇ.

ತಾಂತ್ರಿಕ ತೊಡಕುಗಳಲ್ಲಿ ಎರಡನ್ನು ಈ ಕೆಲಸಕ್ಕೆ ಇಳಿಯುವವರಿಗೆ ಹೇಳಲೇಬೇಕು. ಹೊರಗಿನ ಉಪಕರಣದಲ್ಲಿ ತಯಾರಿಸಿದ ಪಾಠಗಳನ್ನು ನಾವು ಸ್ಕಾರ್ಮ್ 1.2 ಮಾದರಿಯಲ್ಲಿ (ಬೇರೆಡೆ ಮಾಡಿದ ಪಾಠವನ್ನು ಇಂಥ ವೇದಿಕೆಗೆ ಜೋಡಿಸುವ ಮಾನಕದಲ್ಲಿ) ಏರಿಸುತ್ತಿದ್ದೆವು. ಉದ್ದದ ಪಾಠವೊಂದನ್ನು ಅರ್ಧಕ್ಕೆ ಬಿಟ್ಟು ಹೋದವರು ಮರಳಿ ಬಂದಾಗ ಅದು ಮೊದಲಿನಿಂದ ಶುರುವಾಗುತ್ತಿತ್ತು. ಎಲ್ಲಿಗೆ ನಿಲ್ಲಿಸಿದರೆಂಬ ವಿವರಕ್ಕೆ ಆ ಮಾದರಿಯಲ್ಲಿರುವ ಜಾಗ 4,096 ಅಕ್ಷರಗಳು ಮಾತ್ರ, ನಮ್ಮ ಪಾಠ ಅದನ್ನು ಮೀರುತ್ತಿತ್ತು. ಪಾಠವನ್ನು ತುಂಡು ಮಾಡಿದ ಮೇಲೆ ತೊಂದರೆ ನೀಗಿತು. ಎರಡನೆಯದು ಕನ್ನಡದ್ದೇ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ್ದ ನಮ್ಮ ಹಳೆಯ ಕಾರ್ಯವಿಧಾನದ ಕಡತಗಳನ್ನು ನಕಲಿಸಿ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳು ಬರುತ್ತಿದ್ದವು. ವಿಡಿಯೊ ಸಂಪಾದನೆಯ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಕಡತಗಳನ್ನು ಪರಿವರ್ತಕದಲ್ಲಿ ಹಾಕಿ, ಬಂದದ್ದನ್ನು ಸಾಲುಸಾಲಾಗಿ ತಿದ್ದಿದೆವು. ಒತ್ತಕ್ಷರ ಕೆಟ್ಟ ಒಂದು ಶೀರ್ಷಿಕೆ ಕೂಡ, ಈ ಪಾಠವನ್ನು ನಮಗಾಗಿ ಶ್ರದ್ಧೆಯಿಂದ ಮಾಡಿಲ್ಲ ಎಂಬ ಸಂದೇಶವನ್ನು ಓದುವವರಿಗೆ ಕೊಡುತ್ತದೆಂದು ನಾನು ನಂಬಿದ್ದೇನೆ.

ಭಾಷೆಯ ವಿಚಾರದಲ್ಲಿ ನಾನೂ ತಿದ್ದಿಕೊಳ್ಳಬೇಕಾಯಿತು. ಮೊದಲ ಕರಡಿನಲ್ಲಿ "ಕರ್ತನ ಉಪಕರಣದ ತುದಿ" ಎಂದು ಬರೆದಿದ್ದೆ. ಓದಿ ನೋಡಿದ ಐಟಿಐ ಹುಡುಗನೊಬ್ಬ ಸಂಕೋಚದಿಂದ, "ಮೇಡಂ, ಇದು ಇನ್ಸರ್ಟ್ ಅಲ್ವಾ?" ಎಂದು ಕೇಳಿದ. ಅಂದಿನಿಂದ ಯಂತ್ರದ ಬಳಿ ಯಾವ ಪದ ಕೇಳಿಸುತ್ತದೋ ಅದನ್ನೇ ಬಳಸಿದೆ: ಚಕ್, ಜಾಬ್, ಇನ್ಸರ್ಟ್, ಕೂಲಂಟ್. ವಾಕ್ಯಗಳನ್ನು ಮಾತ್ರ ಶುದ್ಧ ಕನ್ನಡದಲ್ಲಿ ಕಟ್ಟಿದೆ. ಧ್ವನಿಗೆ ವೃತ್ತಿಪರರನ್ನು ಕರೆಯುವ ಬದಲು ಆ ಹಿರಿಯ ಸೆಟ್ಟರ್ ಅವರನ್ನೇ ಮಾತಾಡಲು ಒಪ್ಪಿಸಿ, ಅವರ ಕೈಗಳನ್ನು ಹತ್ತಿರದಿಂದ ಫೋನಿನಲ್ಲಿ ಚಿತ್ರೀಕರಿಸಿದೆವು. ಒಡಿಶಾ ಮತ್ತು ಬಿಹಾರದಿಂದ ಬಂದವರಿಗಾಗಿ ಅದೇ ದೃಶ್ಯಗಳಿಗೆ ಹಿಂದಿ ಧ್ವನಿಯನ್ನು ಸಹೋದ್ಯೋಗಿಯೊಬ್ಬರು ಕೊಟ್ಟರು.

ಪಾಠಗಳನ್ನು ಮನೆಯಲ್ಲಿ ನೋಡಿಕೊಳ್ಳಲಿ ಎಂಬ ಸಲಹೆ ಮೇಲಿನಿಂದ ಬಂದಿತ್ತು. ನಾನು ಅದನ್ನು ಒಪ್ಪಲಿಲ್ಲ. ಕೆಲಸಕ್ಕಾಗಿ ಕಲಿಯುವ ಸಮಯವೂ ಕೆಲಸದ ಸಮಯವೇ. ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಟ್ಯಾಬ್ಲೆಟ್‌ಗಳನ್ನಿಟ್ಟು, ಪ್ರತಿ ಪಾಳಿಯಲ್ಲಿ ಸರದಿಯಂತೆ ಹದಿನೈದು ನಿಮಿಷ ಬಿಡುವು ಕೊಡಲು ಉತ್ಪಾದನಾ ವಿಭಾಗವನ್ನು ಒಪ್ಪಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂದು ತೋರಿಸುವ, ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ ಪ್ರಯೋಗಗಳನ್ನು ನೆನೆದು, ಪಾಠ ಮುಗಿದ ಮೂರು ದಿನಗಳ ನಂತರ ಒಮ್ಮೆ, ಮೂರು ವಾರಗಳ ನಂತರ ಮತ್ತೊಮ್ಮೆ, ಅದೇ ವಿಷಯದ ಒಂದೇ ಒಂದು ಹೊಸ ಪ್ರಶ್ನೆ ಬರುವಂತೆ ಮಾಡಿದೆ.

ಎಲ್ಲವನ್ನೂ ಆನ್‌ಲೈನಿಗೆ ತಂದೆನೆಂದಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಅರಿವಿನ ಕಾರ್ಯಕ್ರಮವನ್ನು ಎದುರುಬದುರು ಕೂತೇ ನಡೆಸುತ್ತೇವೆ. ದೂರನ್ನು ಯಾರ ಬಳಿ ಒಯ್ಯಬೇಕೋ ಆ ಆಂತರಿಕ ಸಮಿತಿಯ ಸದಸ್ಯರ ಮುಖಪರಿಚಯ ಹೆಣ್ಣುಮಕ್ಕಳಿಗೆ ಇರಲೇಬೇಕು.

ಪರಿಣಾಮವನ್ನು ಅಳೆಯಲು ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದು ಪರಿಚಯಿಸಿದ ನಾಲ್ಕು ಹಂತಗಳನ್ನು ಅನುಸರಿಸಿದೆ: ಕಲಿತವರ ಅಭಿಪ್ರಾಯ, ಕಲಿಕೆ, ಕೆಲಸದಲ್ಲಿನ ವರ್ತನೆ, ಫಲಿತಾಂಶ. ಅಭಿಪ್ರಾಯದ ಹಾಳೆಯಲ್ಲಿ ಎಲ್ಲರೂ "ಚೆನ್ನಾಗಿದೆ" ಎಂದೇ ಬರೆಯುತ್ತಿದ್ದರು, ಅದರಿಂದ ನನಗೇನೂ ತಿಳಿಯಲಿಲ್ಲ. ಮೂರನೆಯ ಹಂತವೇ ಕಣ್ಣು ತೆರೆಸಿತು. ಪಾಠ ಮುಗಿದು ಮೂರು ವಾರಗಳ ನಂತರ ಯಂತ್ರದ ಬಳಿ ನಿಂತು ನೋಡಿದಾಗ, ಜಾಬನ್ನು ತಣ್ಣಗಾಗಲು ಬಿಡುವವರು ಹೆಚ್ಚಿದ್ದರು. ಆಫ್‌ಸೆಟ್ ಒತ್ತುವ ಮುನ್ನ ಕ್ಷಣ ಹೊತ್ತು ತಡೆಯುವ ಕೈಗಳು ಕಂಡವು. ಚಿಹ್ನೆ ತಪ್ಪಿ ಹಾಳಾದ ಜಾಬ್‌ಗಳು ಪೆಟ್ಟಿಗೆಯಲ್ಲಿ ಅಪರೂಪವಾದವು. ಆದರೆ ಬೋರಿನ ತಪ್ಪುಗಳು ಹಾಗೆಯೇ ಉಳಿದಿದ್ದವು. ಪಾಠವನ್ನು ಮತ್ತೊಮ್ಮೆ ಬರೆಯಬೇಕೆಂದು ಹೊರಟವಳಿಗೆ ಆ ಸೆಟ್ಟರ್ ಅವರೇ ಕಾರಣ ತೋರಿಸಿದರು: ಇದ್ದ ಒಂದೇ ಬೋರ್ ಗೇಜ್ ಶೆಡ್ಡಿನ ಆ ತುದಿಯ ಅಳತೆ ಕೋಣೆಯಲ್ಲಿತ್ತು. ಗಂಟೆಗೆ ಇಷ್ಟು ಜಾಬ್ ಎಂಬ ಗುರಿಯಿರುವವನು ಪ್ರತಿ ಸಲ ಅಲ್ಲಿಗೆ ನಡೆದು ಹೋಗುವುದಿಲ್ಲ. ಇನ್ನೊಂದು ಗೇಜ್ ತರಿಸಿ ಯಂತ್ರಗಳ ನಡುವೆ ಇಟ್ಟ ಮೇಲೆ ಪರೀಕ್ಷೆ ತಪ್ಪದೆ ನಡೆಯತೊಡಗಿತು. ಅಲ್ಲಿ ಜ್ಞಾನದ ಕೊರತೆಯೇ ಇರಲಿಲ್ಲ. ಈಗ ಯಾವುದೇ ವಿಭಾಗದವರು ಹೊಸ ಪಾಠ ಬೇಕೆಂದು ಬಂದರೆ, ಕೆಲಸ ಗೊತ್ತಿದ್ದವರೂ ಈ ತಪ್ಪು ಮಾಡುತ್ತಾರೆಯೇ ಎಂದು ಮೊದಲು ಕೇಳುತ್ತೇನೆ. ಹೌದೆಂದರೆ ಮೊದಲು ಆ ಜಾಗಕ್ಕೆ ಹೋಗಿ ನಿಂತು ನೋಡುತ್ತೇನೆ.

ಸದ್ಯ ಇನ್ಸರ್ಟ್ ಸವೆದಾಗ ಬದಲಾಗುವ ಶಬ್ದದ ಮೇಲೆ ಪಾಠ ಸಿದ್ಧವಾಗುತ್ತಿದೆ. ಆ ಸೆಟ್ಟರ್ ಅವರು ಅಳೆಯುವ ಮೊದಲೇ ಕಿವಿಯಿಂದ ಅದನ್ನು ಗುರುತಿಸಬಲ್ಲರು, ಮುಂದಿನ ವರ್ಷ ಅವರಿಗೆ ನಿವೃತ್ತಿ. ಹಗಲಿನ ಗದ್ದಲದಲ್ಲಿ ಧ್ವನಿಮುದ್ರಣ ಸಾಧ್ಯವಾಗಲಿಲ್ಲವಾದ್ದರಿಂದ, ಭಾನುವಾರ ಅಕ್ಕಪಕ್ಕದ ಯಂತ್ರಗಳೆಲ್ಲ ನಿಂತಿರುವಾಗ ಒಂದೇ ಲೇತನ್ನು ಓಡಿಸಿ, ಹೊಸ ಇನ್ಸರ್ಟಿನದೂ ಸವೆದದ್ದರದೂ ಶಬ್ದಗಳನ್ನು ಹಿಡಿದಿದ್ದೇವೆ. ಟ್ಯಾಬ್ಲೆಟ್‌ನ ಸ್ಪೀಕರಿನಲ್ಲಿ ವ್ಯತ್ಯಾಸ ಕೇಳಿಸಲಿಲ್ಲ. ಹೆಡ್‌ಫೋನುಗಳಿಗೆ ಬೇಡಿಕೆ ಸಲ್ಲಿಸಿದ್ದೇನೆ.