ವಿದ್ಯುತ್ ಯೋಜನೆಗೆ ನೀರಿದೆಯೇ? ನಾನು ಲೆಕ್ಕ ಹಾಕುವ ಬಗೆ

ಒಂದು ಪ್ರದೇಶದಲ್ಲಿ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬರಲಿರುವ ವಿದ್ಯುತ್ ಸ್ಥಾವರಗಳಿಗೆ ನೀರು ಸಾಕಾದೀತೇ ಎಂದು ಅಂದಾಜಿಸುವ ಕೆಲಸ ನನ್ನ ಪಾಲಿಗೆ ಬಂದಾಗಲೆಲ್ಲ, ಯೋಜನೆ ರೂಪಿಸಿದವರು ಮೊದಲು ಮುಂದಿಡುವುದು ನದಿಯ ವಾರ್ಷಿಕ ಸರಾಸರಿ ಹರಿವನ್ನು. ಆ ಅಂಕಿಯನ್ನು ಬದಿಗಿಟ್ಟೇ ನಾನು ಕೆಲಸ ಆರಂಭಿಸುತ್ತೇನೆ. ಪ್ರವಾಹದ ನೀರೂ ಒಣಗಾಲದ ಸಣ್ಣ ಹರಿವೂ ಒಂದೇ ಸರಾಸರಿಯಲ್ಲಿ ಬೆರೆತುಹೋಗುವುದರಿಂದ, ಸ್ಥಾವರಕ್ಕೆ ಯಾವ ವಾರಗಳಲ್ಲಿ ನೀರು ತಪ್ಪುತ್ತದೆ ಎಂಬ ಮುಖ್ಯ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಬೇಡಿಕೆಯನ್ನು ಲೆಕ್ಕ ಹಾಕುವಾಗ ನದಿಯಿಂದ ಎತ್ತುವ ನೀರನ್ನೂ ಆವಿಯಾಗಿ ನಷ್ಟವಾಗುವ ನೀರನ್ನೂ ಬೇರೆ ಬೇರೆಯಾಗಿ ಬರೆದಿಡುತ್ತೇನೆ. ತಂಪಾಗಿಸಲು ನೀರನ್ನು ಒಮ್ಮೆ ಹಾಯಿಸಿ ನದಿಗೇ ಮರಳಿ ಬಿಡುವ ಉಷ್ಣ ಸ್ಥಾವರವು ಒಂದು ಮೆಗಾವ್ಯಾಟ್ ಗಂಟೆ ವಿದ್ಯುತ್ತಿಗೆ ನೂರು ಘನ ಮೀಟರಿಗೂ ಹೆಚ್ಚು ನೀರೆತ್ತಬಹುದು. ಆದರೆ ಅದರಲ್ಲಿ ಆವಿಯಾಗುವುದು ಸುಮಾರು ಒಂದು ಘನ ಮೀಟರ್. ಕೂಲಿಂಗ್ ಟವರ್, ಅಂದರೆ ಅದೇ ನೀರನ್ನು ತಣಿಸಿ ಮತ್ತೆ ಬಳಸುವ ಗೋಪುರ, ಇರುವ ಕಲ್ಲಿದ್ದಲು ಸ್ಥಾವರ ಎತ್ತುವುದು ತೀರ ಕಡಿಮೆ, ಆವಿಯಾಗಿ ಕಳೆಯುವುದು ಮಾತ್ರ 2ರಿಂದ 3 ಘನ ಮೀಟರ್. ಗಾಳಿ ವಿದ್ಯುತ್ತಿಗೂ ಸೌರಫಲಕಗಳಿಗೂ ಬೇಕಾಗುವುದು ಅತ್ಯಲ್ಪ.

1000 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವೊಂದು ದಿನವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದು, ಮೆಗಾವ್ಯಾಟ್ ಗಂಟೆಗೆ 2.5 ಘನ ಮೀಟರ್ ಕಳೆದರೆ, ದಿನಕ್ಕೆ 60,000 ಘನ ಮೀಟರ್ ಆಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 0.7 ಘನ ಮೀಟರ್. ಸರಾಸರಿ 40 ಘನ ಮೀಟರ್ ಹರಿಯುವ ನದಿಗೆ ಇದು ಲೆಕ್ಕಕ್ಕೇ ಇಲ್ಲ. ಅದೇ ನದಿ ಒಣಗಾಲದಲ್ಲಿ 2 ಘನ ಮೀಟರಿಗೆ ಇಳಿಯುವುದಾದರೆ ಹರಿವಿನ ಮೂರನೆಯ ಒಂದು ಭಾಗವೇ ಹೋದಂತೆ.

ಆದ್ದರಿಂದ ನನ್ನ ಹೆಚ್ಚಿನ ಸಮಯ ಕನಿಷ್ಠ ಹರಿವಿನ ದಾಖಲೆಗಳ ಮೇಲೆಯೇ ಕಳೆಯುತ್ತದೆ. ಮಾಪನ ಕೇಂದ್ರದಲ್ಲಿ ನಿತ್ಯ ಅಳೆಯುವುದು ನೀರಿನ ಮಟ್ಟವನ್ನು. ಹರಿವನ್ನು ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ರೇಖೆಯಿಂದ ಪಡೆಯುತ್ತಾರೆ. ದೊಡ್ಡ ಪ್ರವಾಹ ಬಂದು ನದಿಯ ತಳ ಕೊರೆದುಹೋದರೆ ಅಥವಾ ಮರಳು ತುಂಬಿಕೊಂಡರೆ ಆ ರೇಖೆ ಹಳತಾಗುತ್ತದೆ, ಮತ್ತು ನೀರು ಕಡಿಮೆಯಿದ್ದಾಗ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸವೂ ಹರಿವಿನ ಅಂಕಿಯನ್ನು ಬಹಳಷ್ಟು ಏರುಪೇರು ಮಾಡುತ್ತದೆ. ಪ್ರತಿ ಪ್ರವಾಹದ ನಂತರ ನೇರವಾಗಿ ಹರಿವನ್ನು ಅಳೆದ ಪುಟಗಳನ್ನು ತರಿಸಿಕೊಂಡು ಹೋಲಿಸದೆ ನಾನು ಮುಂದುವರಿಯುವುದಿಲ್ಲ. ಅನಂತರ ಮೇಲಿನ ಜಲಾಶಯಗಳು ಹಿಡಿದಿಟ್ಟದ್ದನ್ನೂ ನೀರಾವರಿಗೆ ಎತ್ತಿದ್ದನ್ನೂ ಕೂಡಿ, ಮರಳಿ ಬಂದದ್ದನ್ನು ಕಳೆದು, ಸಹಜ ಹರಿವನ್ನು ಮರುರೂಪಿಸುತ್ತೇನೆ. ಹತ್ತು ವರ್ಷಗಳಿಗೊಮ್ಮೆ ಸಂಭವಿಸುವ ಏಳು ದಿನಗಳ ಕನಿಷ್ಠ ಸರಾಸರಿ ಹರಿವನ್ನು ಇದರಿಂದ ಪಡೆದು, ಈಗಾಗಲೇ ಹಂಚಿಕೆಯಾಗಿರುವ ನೀರನ್ನೂ ನದಿಯ ಜೀವಿಗಳಿಗೆ ಬಿಡಬೇಕಾದುದನ್ನೂ ಅದರೊಡನೆ ಹೋಲಿಸುತ್ತೇನೆ.

ದಾಖಲೆ ಎಷ್ಟು ಉದ್ದದ್ದು ಎಂಬುದೂ ಮುಖ್ಯ. ಅಮೆರಿಕದ ಕೊಲರಾಡೊ ನದಿಯ ನೀರನ್ನು 1922ರಲ್ಲಿ ಹಂಚಿಕೊಂಡಾಗ ಆಧಾರವಾಗಿದ್ದದ್ದು ಅಸಾಮಾನ್ಯವಾಗಿ ನೀರು ಹೆಚ್ಚಿದ್ದ ವರ್ಷಗಳ ಅಳತೆ. ದೀರ್ಘಕಾಲದ ಸರಾಸರಿ ಅದಕ್ಕಿಂತ ಕಡಿಮೆಯೆಂದು ಮುಂದೆ ಮರಗಳ ವಾರ್ಷಿಕ ಉಂಗುರಗಳ ಅಧ್ಯಯನದಿಂದ ತಿಳಿಯಿತು. ಹಂಚಿದ್ದು ಮಾತ್ರ ಹಂಚಿದಂತೆಯೇ ಉಳಿಯಿತು. ಹವಾಮಾನ ಬದಲಾಗುತ್ತಿರುವಾಗ ಹಿಂದಿನ ದಾಖಲೆಯನ್ನೇ ಭವಿಷ್ಯವೆಂದು ನಂಬುವುದು ಇನ್ನೂ ಅಪಾಯಕರವಾದ್ದರಿಂದ, ಹಲವು ಹವಾಮಾನ ಮಾದರಿಗಳು ಅಂದಾಜಿಸುವ ಮಳೆ ಮತ್ತು ತಾಪಮಾನವನ್ನು ಜಲಾನಯನದ ಕಂಪ್ಯೂಟರ್ ಮಾದರಿಗೆ ಕೊಟ್ಟು, ಬರುವ ಉತ್ತರಗಳ ಪೂರ್ಣ ವ್ಯಾಪ್ತಿಯನ್ನು ವರದಿಯಲ್ಲಿ ತೋರಿಸುತ್ತೇನೆ.

ನದಿಯಲ್ಲಿ ಕೊರತೆಯಾದರೆ ಅಂತರ್ಜಲವಿದೆಯಲ್ಲ ಎಂಬ ಮಾತು ಬಹುತೇಕ ಎಲ್ಲ ಸಭೆಗಳಲ್ಲೂ ಬರುತ್ತದೆ. ಒಣಗಾಲದಲ್ಲಿ ನದಿಯನ್ನು ಹರಿಸುತ್ತಿರುವುದೇ ಬಹುಪಾಲು ಅಂತರ್ಜಲ. ಕೊಳವೆಬಾವಿಯ ನೀರನ್ನೂ ನದಿಯ ನೀರನ್ನೂ ಬೇರೆ ಬೇರೆ ಮೂಲಗಳೆಂದು ಕೂಡಿಸಿದರೆ ಒಂದೇ ನೀರನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ನೀರಿನ ಪ್ರಮಾಣವಷ್ಟೇ ಅಲ್ಲ, ಅದರ ತಾಪಮಾನವನ್ನೂ ನೋಡಬೇಕು. 2003ರ ಯುರೋಪಿನ ಬಿಸಿಗಾಳಿಯಲ್ಲಿ ನದಿಗಳು ಬಿಸಿಯೇರಿ, ಬಿಸಿನೀರನ್ನು ಮರಳಿ ಬಿಡುವ ಮಿತಿ ಮೀರದಂತೆ ಫ್ರಾನ್ಸಿನ ಕೆಲವು ಅಣು ಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಯಿತು. ಅದಕ್ಕೆಂದೇ ನನ್ನ ವರದಿಯಲ್ಲಿ 'ನೀರು ಲಭ್ಯ' ಎಂಬ ಒಂದೇ ಸಾಲನ್ನು ಬರೆಯದೆ, ತಿಂಗಳುವಾರು ಪಟ್ಟಿ ಕೊಟ್ಟು, ಹರಿವು ಎಷ್ಟಕ್ಕೆ ಇಳಿದಾಗ ಮತ್ತು ನೀರು ಎಷ್ಟು ಡಿಗ್ರಿಗೆ ಏರಿದಾಗ ಸ್ಥಾವರ ಉತ್ಪಾದನೆ ಕಡಿತಗೊಳಿಸಬೇಕು ಎಂಬುದನ್ನು ಪರವಾನಗಿಯ ಷರತ್ತಾಗಿಯೇ ಸೂಚಿಸುತ್ತೇನೆ.